ಹನ್ನೊಂದು ಮಂದಿಯ ತರಗತಿಯೂ ತರಗತಿಯೇ

ಮಾನ್ಯ ಸಂಪಾದಕರೇ,

ಪ್ರವೇಶ ಕಡಿಮೆಯಾಯಿತೆಂಬ ಕಾರಣಕ್ಕೆ ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳಲ್ಲಿ ಐಚ್ಛಿಕ ಕನ್ನಡ, ಇತಿಹಾಸ, ತತ್ವಶಾಸ್ತ್ರದಂತಹ ವಿಷಯಗಳನ್ನು ಕೈಬಿಡುವ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಬಿ.ಎ. ಓದಿದರೆ ಏನು ಸಿಗುತ್ತದೆ ಎಂದು ಪೋಷಕರು ಕೇಳುತ್ತಾರೆ. ಸಾಲ ಮಾಡಿ ಮಕ್ಕಳನ್ನು ಓದಿಸುವವರು ಹಾಗೆ ಕೇಳುವುದು ನ್ಯಾಯವೇ. ಆದರೆ ಉತ್ತರ ಹೇಳಬೇಕಾದ ಅಧ್ಯಾಪಕರಾದ ನಾವೇ ಸುಮ್ಮನಿರುವುದು ನನಗೆ ನೋವಿನ ಸಂಗತಿ.

ಉತ್ತರ ನಮ್ಮ ಮೈಸೂರಿನಲ್ಲೇ ಇದೆ. 1833ರಲ್ಲಿ ಆರಂಭವಾದ ಶಾಲೆಯೊಂದು ಬೆಳೆದು ಮಹಾರಾಜ ಕಾಲೇಜಾಯಿತು; 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದಕ್ಕೆ ಆಧಾರವಾಗಿ ನಿಂತ ಎರಡು ಕಾಲೇಜುಗಳಲ್ಲಿ ಇದೂ ಒಂದು. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ತತ್ವಶಾಸ್ತ್ರ ಬೋಧಿಸಿದ್ದು ಇಲ್ಲೇ. ಆದರೆ ನನ್ನ ಮನಸ್ಸು ನಿಲ್ಲುವುದು ಅಲ್ಲಿದ್ದ ದೊಡ್ಡ ಹೆಸರುಗಳ ಮೇಲಲ್ಲ, ಒಂದು ವಿಷಯದವರು ಇನ್ನೊಂದರ ಅಂಗಳಕ್ಕೆ ಸಂಕೋಚವಿಲ್ಲದೆ ಕಾಲಿಡಬಹುದಾಗಿದ್ದ ಆ ವಾತಾವರಣದ ಮೇಲೆ. ಇಂಗ್ಲಿಷ್ ಬೋಧಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದರು, ಮುಂದೆ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ಹೊಸಗನ್ನಡ ಸಾಹಿತ್ಯದ ನವೋದಯಕ್ಕೆ ದಾರಿ ತೆರೆದರು. ಬಿ.ಎ.ಯಲ್ಲಿ ತತ್ವಶಾಸ್ತ್ರ ಓದಿದ ಕುವೆಂಪು 1929ರಲ್ಲಿ ಅದೇ ಕಾಲೇಜಿನ ಕನ್ನಡ ಅಧ್ಯಾಪಕರಾದರು. ಸಾಮಾಜಿಕ ತತ್ವಶಾಸ್ತ್ರ ಓದಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ನೆಲೆಸಿ, ಜಾತಿ ಬದುಕಿನಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಪುಸ್ತಕದ ಆಚೆಗೆ ನಿಂತು ನೋಡಿದರು. ಇವರಲ್ಲಿ ಯಾರನ್ನೂ ಪದವಿಯ ಹೆಸರು ಕಟ್ಟಿಹಾಕಲಿಲ್ಲ.

ಅಂಥ ಕಾಲೇಜು ಎಲ್ಲ ಕಡೆ ಇರಲು ಸಾಧ್ಯವೇ ಎಂದು ಕೇಳಬಹುದು. ನಾನು ಕೊನೆಯ ವರ್ಷ ಪಾಠ ಮಾಡಿದ ಇತಿಹಾಸದ ತರಗತಿಯಲ್ಲಿದ್ದವರು ಹನ್ನೊಂದು ಮಂದಿ. ಅವರಲ್ಲೊಬ್ಬ ಹುಡುಗಿ ತನ್ನೂರಿನ ಕೆರೆಯ ಬಳಿ ಬಟ್ಟೆ ಒಗೆಯಲು ಬಳಸುತ್ತಿದ್ದ ಕಲ್ಲು ವೀರಗಲ್ಲೆಂದು ಗುರುತಿಸಿ, ಸವೆದ ಅಕ್ಷರಗಳನ್ನು ಕಾಗದಕ್ಕೆ ಇಳಿಸಿಕೊಂಡು ಬಂದಳು. ಊರಿನ ಹಿರಿಯರು ಆ ಕಲ್ಲನ್ನು ಎತ್ತಿ ನಿಲ್ಲಿಸಿದರು. ನಾನು ಪಾಠ ಮಾಡಿದ ಆ ಕಾಲೇಜಿನಲ್ಲಿ ಈಗ ಇತಿಹಾಸ ವಿಷಯವೇ ಇಲ್ಲ.

ರಾಜ್ಯವು 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಈ ಹೊತ್ತಿನಲ್ಲಾದರೂ ಹಾಜರಿ ಪುಸ್ತಕದ ಸಂಖ್ಯೆಯೊಂದನ್ನೇ ನೋಡಿ ವಿಷಯಗಳನ್ನು ಮುಚ್ಚಬಾರದು. ಅಕ್ಕಪಕ್ಕದ ಎರಡು ಕಾಲೇಜುಗಳಿಗೆ ಒಬ್ಬ ಕಾಯಂ ಅಧ್ಯಾಪಕರನ್ನು ಹಂಚಿಕೊಡಬಹುದು, ಬಿ.ಕಾಂ., ಬಿ.ಎಸ್ಸಿ. ವಿದ್ಯಾರ್ಥಿಗಳೂ ಇತಿಹಾಸ ಅಥವಾ ತರ್ಕಶಾಸ್ತ್ರದ ಒಂದು ಪತ್ರಿಕೆಯನ್ನು ಆಯ್ದುಕೊಳ್ಳುವಂತೆ ಮಾಡಬಹುದು. ಉನ್ನತ ಶಿಕ್ಷಣ ಇಲಾಖೆ ಇದನ್ನು ಮುಂದಿನ ಪ್ರವೇಶ ಆರಂಭವಾಗುವ ಮೊದಲೇ ಪರಿಶೀಲಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಇತಿಹಾಸ ಅಧ್ಯಾಪಕ, ಹಾಸನ ಜಿಲ್ಲೆ