ಅಮ್ಮ, ಅಪ್ಪನ ಕೈ ಯಾವಾಗ ನಡುಗುತ್ತದೆ ನೋಡು

ನಾಟಿಂಗ್‌ಹ್ಯಾಮ್
ಭಾನುವಾರ ಸಂಜೆ

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಾನಿಲ್ಲಿ ಚೆನ್ನಾಗಿದ್ದೇನೆ. ನೀವೆಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೆ, ನಿನ್ನ ಕಾಗದ ಬರುವವರೆಗೆ. ಫೋನಿನಲ್ಲಿ ಹೇಳಿದರೆ ಅಪ್ಪನಿಗೆ ಕೇಳಿಸುತ್ತದೆ ಅಂತ ಬರೆದು ಕಳಿಸಿದ್ದೀಯಲ್ಲ, ನಾನೂ ಹಾಗೇ ಮಾಡುತ್ತಿದ್ದೇನೆ. ಮುಗಿಸಿ ಫೋಟೊ ತೆಗೆದು ಸುಮಾಗೆ ಕಳಿಸುತ್ತೇನೆ. ಅವಳ ಮನೆಗೆ ಹೋದಾಗ ನಿಧಾನಕ್ಕೆ ಓದಿಕೋ.

ಮೊದಲು ನನ್ನ ವಿಷಯ. ಅಪ್ಪನ ಕೈ ನಡುಕದ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ತಡಿ.

ರಘು ನಿನಗೆ ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು. ಮೇಜಿನ ಮೇಲೆ ಚಾಕು, ಸಿಪಾಯಿ ಬೊಂಬೆಗಳು, ಬಣ್ಣದ ಡಬ್ಬಿಗಳು ಇರುವುದು ನಿಜ. ನಾನು ಒಬ್ಬಳೇ ಕೂತು ಕೊರಗುತ್ತಿದ್ದೇನೆ ಅನ್ನುವುದು ಸುಳ್ಳು. ನಮ್ಮ ಆಸ್ಪತ್ರೆಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಲೆಂಟನ್ ಅನ್ನುವ ಕಡೆ, ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಮುಖ್ಯ ಕಚೇರಿ ಇದೆ. ವಾರ್‌ಹ್ಯಾಮರ್ 40,000 ಅನ್ನುವ ಆಟ ಅವರದು. 1987ರಿಂದ ಇದೆ. ಇನ್ನು 38,000 ವರ್ಷ ಕಳೆದ ಮೇಲೆ ನಡೆಯುವ ಯುದ್ಧದ ಕಥೆ ಅದು. ಇಬ್ಬರು ಮೇಜಿನ ಮೇಲೆ ತಂತಮ್ಮ ಸೈನ್ಯ ಇಟ್ಟುಕೊಂಡು, ಟೇಪು ಹಿಡಿದು ಇಂಚು ಲೆಕ್ಕದಲ್ಲಿ ಮುಂದೆ ಸರಿಸಿ, ದಾಳ ಹಾಕಿ ಆಡುತ್ತಾರೆ. ಚದುರಂಗದ ಹಾಗೆ ಮನೆಗಳಿರುವುದಿಲ್ಲ. ಕಚೇರಿ ಬಾಗಿಲಲ್ಲೇ ಒಬ್ಬ ದೈತ್ಯ ಸೈನಿಕನ ಪ್ರತಿಮೆ ಇದೆ, ಜನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಒಳಗೆ ಹೋದರೆ ಬಿಳಿ ಗಡ್ಡದವರು, ಅಪ್ಪ ಮಗಳು ಜೋಡಿ, ನಿವೃತ್ತರಾದವರು, ಎಲ್ಲರೂ ಸ್ಪಂಜು ಹಾಕಿದ ಪೆಟ್ಟಿಗೆಯಲ್ಲಿ ಸೈನ್ಯ ಹೊತ್ತು ತಂದಿರುತ್ತಾರೆ. ಸೋತವರು ಕೈಕುಲುಕಿ, ಗೆದ್ದವರ ಸಿಪಾಯಿಗಳ ಬಣ್ಣ ಚೆನ್ನಾಗಿದೆ ಅಂತ ಹೇಳಿ ಹೋಗುತ್ತಾರೆ. ನನಗೆ ಅದು ತುಂಬಾ ಇಷ್ಟವಾಯಿತು.

ಮಕ್ಕಳಾಟ ಅಂದ ಚಿಕ್ಕಪ್ಪನಿಗೂ ಹೇಳು, ಆ ಕಂಪನಿ 2024ರ ಡಿಸೆಂಬರ್‌ನಲ್ಲಿ ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪನಿಗಳ ಪಟ್ಟಿಗೇ, ಎಫ್‌ಟಿಎಸ್‌ಇ 100ಕ್ಕೇ, ಸೇರಿತು. ದುಡ್ಡು ಹಾಳು ಮಾಡುತ್ತಿಲ್ಲಮ್ಮ. ತಿಂಗಳಿಗೆ 20 ಪೌಂಡ್ ಎತ್ತಿಡುತ್ತೇನೆ, ಅದರ ಮೇಲೆ ಒಂದು ಪೆನ್ನಿ ಜಾಸ್ತಿ ಮುಟ್ಟುವುದಿಲ್ಲ.

ಎಲ್ಲರಿಗೂ ಆ ಕಥೆಯ ದೈತ್ಯ ಸೈನಿಕರೇ ಬೇಕು. ನಾನು ಆರಿಸಿಕೊಂಡಿದ್ದು ಆಸ್ಟ್ರಾ ಮಿಲಿಟಾರಮ್, ನಮ್ಮ ನಿಮ್ಮಂಥ ಮಾಮೂಲಿ ಮನುಷ್ಯರು. ಹತ್ತು ಜನರ ಒಂದು ತಂಡ. ಎಲ್ಲರ ಕೈಯಲ್ಲೂ ಬಂದೂಕು. ನನಗೆ ಅದು ಬೇಡವಾಗಿತ್ತು. ಅಷ್ಟು ಜನ ಗುಂಡು ಹಾರಿಸುವಾಗ ಬಿದ್ದವರನ್ನು ಎತ್ತುವವರು ಯಾರು ಅಂತ ಅನಿಸಿತು. ಹಾಗಾಗಿ ಹತ್ತೂ ಜನರನ್ನು ಶುಶ್ರೂಷೆ ತಂಡ ಮಾಡಿದೆ. ಇದಕ್ಕೆ ಇಲ್ಲಿ ಕನ್ವರ್ಷನ್ ಅನ್ನುತ್ತಾರೆ, ಪೆಟ್ಟಿಗೆಯಲ್ಲಿ ಬಂದಿದ್ದನ್ನು ಕತ್ತರಿಸಿ ಬೇರೆ ರೂಪ ಕೊಡುವುದು. ಆಟದ ನಿಯಮದಲ್ಲಿ ಅವರು ಈಗಲೂ ಬಂದೂಕಿನವರೇ, ಅದಕ್ಕೆ ಬಂದೂಕನ್ನು ಬೆನ್ನಿಗೆ ಹಾಕಿದ್ದೇನೆ.

ಇದರಲ್ಲಿ ಕಷ್ಟವಾಗಿದ್ದು ಸ್ಟ್ರೆಚರ್. ಇಬ್ಬರು ಸಿಪಾಯಿಗಳ ಕೈಯಿಂದ ಬಂದೂಕನ್ನು ಅವರ ಬೆರಳು ಕಿತ್ತುಹೋಗದ ಹಾಗೆ ಕೆರೆದು ತೆಗೆದೆ. ಮುಷ್ಟಿಯಲ್ಲಿ 1 ಮಿಲಿಮೀಟರ್ ತೂತು ಕೊರೆದೆ, ಪಿನ್ ವೈಸ್ ಅನ್ನುವ ಪುಟ್ಟ ಕೈಡ್ರಿಲ್ ಬರುತ್ತದೆ, ಎರಡು ಬೆರಳಲ್ಲಿ ತಿರುಗಿಸುವುದು. ಹಿತ್ತಾಳೆ ತಂತಿ ತೂರಿಸಿ ಎರಡು ಕೋಲು ಮಾಡಿದೆ. ಮೇಲಿನ ಬಟ್ಟೆಗೆ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿ ಹೊದಿಸಿದೆ, ಒಣಗಿದ ಮೇಲೆ ನಿಜವಾದ ಬಟ್ಟೆಯ ಹಾಗೆ ನಡುವೆ ಸ್ವಲ್ಪ ಜೋತುಬಿದ್ದು ನಿಂತಿತು. ಔಷಧಿ ಚೀಲ, ಬ್ಯಾಂಡೇಜು ಎಲ್ಲ ಗ್ರೀನ್ ಸ್ಟಫ್ ಅನ್ನುವ, ಕಣಕದ ಹಾಗೆ ನಾದುವ ಪುಟ್ಟಿಯಲ್ಲಿ ಮಾಡಿದೆ. ನೀಲಿ ಒಂದು, ಹಳದಿ ಒಂದು ಪಟ್ಟಿ ಬರುತ್ತದೆ, ಎರಡನ್ನೂ ನಾದಿದರೆ ಹಸಿರಾಗುತ್ತದೆ. ಸುಮಾರು ಒಂದು ಗಂಟೆ ಮೆತ್ತಗಿರುತ್ತದೆ, ಮಾರನೆಯ ದಿನಕ್ಕೆ ಗಟ್ಟಿ. ಬೆರಳು ಒದ್ದೆ ಇಲ್ಲದಿದ್ದರೆ ಅದು ಸಿಪಾಯಿಯನ್ನು ಬಿಟ್ಟು ನಮ್ಮ ಬೆರಳಿಗೇ ಅಂಟುತ್ತದೆ. ಒಬ್ಬ ಸಿಪಾಯಿ ನಿಂತಿರುವ ಪೀಠ 25 ಮಿಲಿಮೀಟರ್ ಅಗಲ, ಅವನ ಹೆಗಲಿನ ಬ್ಯಾಂಡೇಜು ಎಷ್ಟು ಸಣ್ಣದು ಅಂತ ನೀನೇ ಅಂದಾಜು ಮಾಡು.

ಚೀಲದ ಮೇಲೆ ಎಲ್ಲರೂ ಕೆಂಪು ಪ್ಲಸ್ ಗುರುತು ಬರಿ ಅಂದರು. ನಾನು ಬರೆಯಲಿಲ್ಲ. ಆ ಗುರುತಿಗೆ ಜಿನೀವಾ ಒಪ್ಪಂದದ ರಕ್ಷಣೆ ಇದೆ, ಇಲ್ಲಿ 1957ರ ಕಾನೂನೂ ಇದೆ, ಅನುಮತಿ ಇಲ್ಲದೆ ಯಾರೂ ಬಳಸುವ ಹಾಗಿಲ್ಲ. ಯುದ್ಧದಲ್ಲಿ ಆ ಗುರುತು ನೋಡಿ ಗುಂಡು ನಿಲ್ಲಬೇಕು, ಅದಕ್ಕೆ ಅದನ್ನು ಕಂಡಕಂಡಲ್ಲಿ ಬಳಸಬಾರದು. ಹಸಿರು ಚೌಕದಲ್ಲಿ ಬಿಳಿ ಪ್ಲಸ್ ಬರೆದೆ, ಪ್ರಥಮ ಚಿಕಿತ್ಸೆಯ ಗುರುತು. ನರ್ಸ್ ಆಗಿ ಅಷ್ಟಾದರೂ ಸರಿ ಮಾಡಬೇಕು ಅಲ್ವಾ.

ನಡುವೆ ಒಂದು ಸಲ ಎಲ್ಲ ಕೆಟ್ಟಿತ್ತು. ಬಣ್ಣಕ್ಕೆ ಮೊದಲು ಪ್ರೈಮರ್ ಸ್ಪ್ರೇ ಹೊಡೆಯಬೇಕು. ಹೊರಗೆ ತೇವ ಜಾಸ್ತಿ ಇದ್ದ ದಿನ ಹೊಡೆದುಬಿಟ್ಟೆ, ಮುಖದ ಮೇಲೆಲ್ಲ ಮರಳು ಉದುರಿಸಿದ ಹಾಗಾಯಿತು. ಆಗ ಇಲ್ಲಿಯವರು ಹೇಳಿದ ಉಪಾಯ ಏನು ಗೊತ್ತಾ, ಡೆಟಾಲ್! ರಾತ್ರಿಯೆಲ್ಲ ಡೆಟಾಲಿನಲ್ಲಿ ನೆನೆಹಾಕಿ ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜುವುದು. ಪೂರ್ತಿ ಬಿಡುವವರೆಗೆ ನೀರು ತಾಗಿಸಬಾರದು, ತಾಗಿಸಿದರೆ ಬಣ್ಣ ಅಂಟಂಟಾಗಿ ಮೆತ್ತಿಕೊಳ್ಳುತ್ತದೆ. ನಿನ್ನ ಮನೆಯ ವಾಸನೆ ಎರಡು ದಿನ ನನ್ನ ರೂಮಿನಲ್ಲಿತ್ತು.

ಬಣ್ಣ ಹಚ್ಚುವಾಗ ಕಲಿತಿದ್ದು ಒಂದು. ದಪ್ಪಗೆ ಒಂದು ಸಲ ಹಚ್ಚುವುದಕ್ಕಿಂತ ನೀರು ಬೆರೆಸಿ ತೆಳ್ಳಗೆ ಎರಡು ಸಲ ಹಚ್ಚಬೇಕು. ಆಮೇಲೆ ವಾಶ್ ಅಂತ ನೀರಿನಂಥ ಕಂದು ಬಣ್ಣ ಬಿಟ್ಟರೆ ಅದು ತಾನೇ ಮಡಿಕೆಗಳಲ್ಲಿ ಇಳಿದು ನೆರಳಾಗುತ್ತದೆ. ಕೊನೆಗೆ ಕಣ್ಣು. ಬಿಳಿ ಗೆರೆ, ಅದರ ನಡುವೆ ಒಂದು ಕಪ್ಪು ಚುಕ್ಕೆ. ಸಿಪಾಯಿಯನ್ನು ಖಾಲಿ ಮಾತ್ರೆ ಡಬ್ಬಿಯ ಮೇಲೆ ಅಂಟಿಸಿ ಹಿಡಿದುಕೊಳ್ಳುತ್ತೇನೆ. ಎರಡೂ ಮೊಣಕೈ ಮೇಜಿನ ಮೇಲೆ, ಎರಡೂ ಮಣಿಕಟ್ಟು ಒಂದಕ್ಕೊಂದು ಒತ್ತಿ, ಉಸಿರು ಪೂರ್ತಿ ಬಿಟ್ಟು, ಆ ಖಾಲಿ ಗಳಿಗೆಯಲ್ಲಿ ಚುಕ್ಕೆ ಇಡಬೇಕು. ಆಗ ಗೊತ್ತಾಗುತ್ತದೆ, ನಡುಗದ ಕೈಯೇ ಇಲ್ಲ. ಎಲ್ಲರ ಕೈಯೂ ಸ್ವಲ್ಪ ನಡುಗುತ್ತಲೇ ಇರುತ್ತದೆ.

ಗುರುವಾರ ನಿನ್ನ ಕಾಗದ ಬಂದಾಗ ಇದೇ ಮಾಡುತ್ತಿದ್ದೆ. ಅಪ್ಪನ ಸಹಿ ಹೊಂದುತ್ತಿಲ್ಲ ಅಂತ ಬ್ಯಾಂಕಿನವರು ಚೀಟಿ ವಾಪಸ್ ಕೊಟ್ಟರು, ಮೂರು ಸಲ ಬರೆಸಿದರು, ಅಪ್ಪ ಮನೆಗೆ ಬಂದು ಸರ್ವರ್ ಇರಲಿಲ್ಲ ಅಂದರು. ಆ ಚೀಟಿ ನಿನಗೆ ಅಂಗಿ ಜೇಬಿನಲ್ಲಿ ಸಿಕ್ಕಿತು. ಓದಿ ಬ್ರಷ್ ಕೆಳಗಿಟ್ಟೆ. ಇನ್ನೂ ನಾಲ್ಕು ಜನರ ಕಣ್ಣು ಉಳಿದಿದೆ. ಪ್ರತಿ ಜೂನ್‌ನಲ್ಲಿ ನಮ್ಮ ನೋಟ್‌ಬುಕ್ ಲೇಬಲ್ ಮೇಲೆ ಹೆಸರು ಬರೆದು ಕೊಡುತ್ತಿದ್ದ ಕೈ ಅದು. ಟೀಚರ್ ಅದನ್ನು ಅಚ್ಚು ಹಾಕಿಸಿದ್ದಾ ಅಂತ ಕೇಳುತ್ತಿದ್ದರು.

ಅಮ್ಮ, ಹೆದರಬೇಡ. ವಾರ್ಡಿನಲ್ಲಿ ಇಂಥವರನ್ನು ದಿನವೂ ನೋಡುತ್ತೇನೆ. ಆದರೆ ನೋಡಬೇಕಾದ್ದನ್ನು ಸರಿಯಾಗಿ ನೋಡು. ಕೈ ಯಾವಾಗ ನಡುಗುತ್ತದೆ? ಟಿವಿ ನೋಡುತ್ತಾ ಕೈ ತೊಡೆಯ ಮೇಲೆ ಸುಮ್ನೆ ಇದ್ದಾಗಲೋ, ಲೋಟ ಎತ್ತುವಾಗ, ಬರೆಯುವಾಗಲೋ? ಒಂದೇ ಕೈಯೋ ಎರಡೂನೋ? ಸುಮ್ನೆ ಇದ್ದಾಗ, ಅದೂ ಒಂದೇ ಕಡೆ ನಡುಗುತ್ತಿದ್ದರೆ, ಅಕ್ಷರ ಬರಬರುತ್ತಾ ಚಿಕ್ಕದಾಗುತ್ತಿದ್ದರೆ, ನಡೆಯುವಾಗ ಆ ಕೈ ಬೀಸದೆ ಇದ್ದರೆ, ಪಾರ್ಕಿನ್ಸನ್ ಅನ್ನುವ ನರರೋಗ ಇರಬಹುದು ಅಂತ ಡಾಕ್ಟರು ಯೋಚಿಸುತ್ತಾರೆ. ಕೆಲಸ ಮಾಡುವಾಗ ಎರಡೂ ಕೈ ನಡುಗಿದರೆ ಅದು ಹೆಚ್ಚಾಗಿ ಬೇರೆ ತರದ ನಡುಕ, ಮನೆತನದಲ್ಲೇ ಬರುತ್ತದೆ. ಅಜ್ಜಿಗೆ ನೆನಪಿದೆಯಾ, ನೀರಿನ ಚೊಂಬು ಎತ್ತಿದರೆ ತುಳುಕುತ್ತಿತ್ತು, ಆದರೂ ಕೊನೆವರೆಗೂ ಓಡಾಡಿಕೊಂಡಿದ್ದರು. ಇದೂ ಅದೇ ಇರಬಹುದು. ನನಗೆ ಅದೇ ಅನಿಸುತ್ತದೆ.

ಇನ್ನೊಂದು. ಅಪ್ಪ ಆಸ್ತಮಾದ ನೀಲಿ ಇನ್‌ಹೇಲರ್ ದಿನಕ್ಕೆ ಎಷ್ಟು ಸಲ ಎಳೆದುಕೊಳ್ಳುತ್ತಿದ್ದಾರೆ ಎಣಿಸು. ಅದರಲ್ಲಿರುವ ಸಾಲ್ಬುಟಮಾಲ್ ಜಾಸ್ತಿಯಾದರೂ ಕೈ ನಡುಗುತ್ತದೆ. ಥೈರಾಯ್ಡ್ ಜಾಸ್ತಿಯಾದರೂ ಅಷ್ಟೇ, ಅದಕ್ಕೆ ಒಂದು ರಕ್ತಪರೀಕ್ಷೆ ಸಾಕು. ಒಂದು ಬಿಳಿ ಹಾಳೆಯಲ್ಲಿ ಎರಡೂ ಕೈಯಲ್ಲಿ ಒಂದೊಂದು ದೊಡ್ಡ ಸುರುಳಿ ಬರೆಸು, ಕೆಳಗೆ ಒಂದು ಸಾಲು ಏನಾದರೂ ಬರೆಸು, ದಿನಾಂಕ ಹಾಕಿಡು. ಡಾಕ್ಟರಿಗೆ ಅದು ತುಂಬಾ ಉಪಯೋಗಕ್ಕೆ ಬರುತ್ತದೆ.

ಮತ್ತೆ ಇದನ್ನು ಎರಡು ಸಲ ಓದು. ಮೆಡಿಕಲ್ ಶಾಪಿನಲ್ಲಿ ಕೇಳಿ ನಡುಕದ ಮಾತ್ರೆ ತರಬೇಡಿ. ರಘು ಹಾಗೆ ಮಾಡಿಯಾನು. ನಡುಕಕ್ಕೆ ಸಾಮಾನ್ಯವಾಗಿ ಕೊಡುವ ಪ್ರೊಪ್ರಾನೊಲಾಲ್ ಆಸ್ತಮಾ ಇರುವವರಿಗೆ ಆಗಿಬರುವುದಿಲ್ಲ, ಉಸಿರು ಕಟ್ಟಬಹುದು. ನ್ಯೂರಾಲಜಿಸ್ಟ್, ಅಂದರೆ ನರಗಳ ಡಾಕ್ಟರ ಹತ್ತಿರ ಹೋದಾಗ ಮೊದಲ ಮಾತೇ ಆಸ್ತಮಾ ಇದೆ ಅನ್ನುವುದಾಗಿರಲಿ. ಬೆಂಗಳೂರಿಗೆ ಹೋಗಬೇಕಾದರೆ ಸುಮಾ ಜೊತೆಗೆ ಬರುತ್ತಾಳೆ, ಮಾತಾಡಿದ್ದೇನೆ. ದುಡ್ಡು ಶುಕ್ರವಾರ ನಿನ್ನ ಖಾತೆಗೆ ಹಾಕಿದ್ದೇನೆ, ಅಪ್ಪನ ಖಾತೆಗಲ್ಲ, ಸಹಿಯ ತಾಪತ್ರಯ ಬೇಡ ಅಂತ.

ಅಪ್ಪನಿಗೆ ನಾಚಿಕೆ ಆಗದ ಹಾಗೆ ಹೇಳು. ನಾನು ಕೇಳಿದೆ ಅನ್ನು. ನನ್ನ ಸಿಪಾಯಿಗಳ ಪೀಠದ ಕೆಳಗೆ ಅಂಟಿಸಲು ಹತ್ತು ಹೆಸರು ಬೇಕು, ಅಪ್ಪನ ಅಕ್ಷರದಲ್ಲೇ ಬೇಕು, ನಡುಗಿದರೂ ಪರವಾಗಿಲ್ಲ ಅನ್ನು. ಇದು ಸುಳ್ಳಲ್ಲ, ನಿಜವಾಗಿಯೂ ಬೇಕು.

ಚಿಕ್ಕಮ್ಮ ಕಳಿಸಿದ ಹುಡುಗನ ಫೋಟೊ ನೋಡಿದೆ. ಈಗ ಅದು ಬೇಡ, ಆಮೇಲೆ ಮಾತಾಡೋಣ. ಊಟ ಸರಿಯಾಗಿ ಮಾಡುತ್ತಿದ್ದೇನೆ, ನಿದ್ದೆ ಬರುತ್ತಿದೆ, ಕಣ್ಣಿಗೆ ಏನೂ ಆಗಿಲ್ಲ, ಭೂತಗನ್ನಡಿ ದೀಪ ಇದೆ, ಸ್ಪ್ರೇ ಹೊರಗೆ ನಿಂತೇ ಹೊಡೆಯುತ್ತೇನೆ. ನನ್ನ ಬಗ್ಗೆ ಒಂಚೂರೂ ಚಿಂತೆ ಬೇಡ. ಅಪ್ಪನಿಗೂ ಏನೂ ಆಗಿರುವುದಿಲ್ಲ.

ರಾತ್ರಿ ಡ್ಯೂಟಿ ಇದೆ, ಬಸ್ಸಿಗೆ ಹೊತ್ತಾಯಿತು. ಅಪ್ಪ ಟಿವಿ ನೋಡುವಾಗ ಕೈಯ ಒಂದು ನಿಮಿಷದ ವಿಡಿಯೊ ತೆಗೆದು ಕಳಿಸು, ಅವರಿಗೆ ಗೊತ್ತಾಗದ ಹಾಗೆ. ಇವತ್ತೇ ಆದರೆ ಒಳ್ಳೆಯದು.

ನಿನ್ನ
ವಿದ್ಯಾ