ಹೊಸ ಬ್ಯಾಂಡ್‌ಗಳಿಗೆ ಮೊದಲು ವೇದಿಕೆ ಸಿಗಲಿ

ಮಾನ್ಯ ಸಂಪಾದಕರೇ,

ಹೊಸದಾಗಿ ಬ್ಯಾಂಡ್ ಕಟ್ಟಿಕೊಂಡವರು ಈಗ ಮೊದಲು ಹಾಡೊಂದನ್ನು ರೆಕಾರ್ಡ್ ಮಾಡಿ ಅಂತರ್ಜಾಲಕ್ಕೆ ಹಾಕುತ್ತಾರೆ. ಕೇಳುಗರು ಕೂಡಿದ ಮೇಲೆ ನೇರ ಪ್ರದರ್ಶನದ ವಿಚಾರ ನೋಡಿಕೊಂಡರಾಯಿತು ಎಂದು ಅದನ್ನು ಮುಂದಕ್ಕೆ ತಳ್ಳುತ್ತಾರೆ. ಸಣ್ಣ ಸಭಾಂಗಣಗಳಲ್ಲಿ ಧ್ವನಿ ವ್ಯವಸ್ಥೆ ನೋಡಿಕೊಳ್ಳುವ ನನಗೆ ಈ ಕ್ರಮ ತಿರುವುಮುರುವಾಗಿ ಕಾಣುತ್ತದೆ. ಸ್ಟುಡಿಯೊದಲ್ಲಿ ತಪ್ಪಿದ ಸಾಲನ್ನು ಮತ್ತೊಮ್ಮೆ ಹಾಡಿ ಸರಿಪಡಿಸಬಹುದು. ವೇದಿಕೆಯ ಮೇಲೆ ಡ್ರಮ್ಸ್ ನುಡಿಸುವವರು ಹುಮ್ಮಸ್ಸಿನಲ್ಲಿ ಲಯ ಏರಿಸಿಬಿಟ್ಟರೆ, ಉಳಿದವರು ಅವರೊಡನೆ ಓಡಬೇಕೋ ಅವರನ್ನು ಹಿಡಿದು ನಿಲ್ಲಿಸಬೇಕೋ ಎಂಬುದನ್ನು ಹಾಡು ನಡೆಯುತ್ತಿರುವಾಗಲೇ, ಕಣ್ಣಸನ್ನೆಯಲ್ಲೇ ತೀರ್ಮಾನಿಸಬೇಕು. ಈ ಹೊಂದಾಣಿಕೆಯನ್ನು ಎಷ್ಟು ತಾಲೀಮು ನಡೆಸಿದರೂ ಕೋಣೆಯೊಳಗೆ ಕಲಿಯಲಾಗದು.

ಇಂಗ್ಲೆಂಡಿನ ಪ್ರಸಿದ್ಧ ಬ್ಯಾಂಡ್ ಬೀಟಲ್ಸ್ 1960ರ ಆಗಸ್ಟ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ಗೆ ಹೋಗಿ, ಅಲ್ಲಿನ ಕ್ಲಬ್‌ಗಳಲ್ಲಿ ರಾತ್ರಿಯೆಲ್ಲ ಗಂಟೆಗಟ್ಟಲೆ ನುಡಿಸಿದ್ದನ್ನು ಹೆಚ್ಚಾಗಿ ಪರಿಶ್ರಮಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಮುಖ್ಯವೆನಿಸುವುದು ಕ್ರಮ: ಅವರ ಸ್ವಂತ ರಚನೆಯ ಮೊದಲ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಹೊರಬಂದದ್ದು 1962ರ ಅಕ್ಟೋಬರ್‌ನಲ್ಲಿ, ಅಂದರೆ ಎರಡು ವರ್ಷ ವೇದಿಕೆಯಲ್ಲಿ ಪಳಗಿದ ಮೇಲೆ.

ಮೊದಲ ಪ್ರದರ್ಶನಕ್ಕೆ ಅರ್ಧ ಗಂಟೆ ಸಾಕು. ಮೂವತ್ತು ನಿಮಿಷ ಕೊಟ್ಟಿದ್ದರೆ ಇಪ್ಪತ್ತೈದು ನಿಮಿಷಕ್ಕಾಗುವಷ್ಟೇ ಹಾಡುಗಳನ್ನು ಸಿದ್ಧಪಡಿಸಿಕೊಳ್ಳಬೇಕು, ಏಕೆಂದರೆ ಉಳಿದ ಸಮಯವನ್ನು ಹಾಡುಗಳ ನಡುವಿನ ಬಿಡುವು ತಾನಾಗಿ ನುಂಗುತ್ತದೆ. ಗಿಟಾರಿಸ್ಟ್ ಬಗ್ಗಿ ತಂತಿಗಳ ಶ್ರುತಿ ಸರಿಪಡಿಸುತ್ತಾ, ಗಾಯಕ ಮಾತು ಹೊಳೆಯದೆ ಮೈಕ್ ಸ್ಟ್ಯಾಂಡನ್ನು ಮೇಲೆ ಕೆಳಗೆ ಮಾಡುತ್ತಾ ನಿಂತರೆ ಸಭಿಕರು ತಮ್ಮತಮ್ಮ ಮಾತಿಗೆ ತೊಡಗುತ್ತಾರೆ. ಮುಂದಿನ ಹಾಡು ಎಷ್ಟೇ ಚೆನ್ನಾಗಿದ್ದರೂ ಅವರನ್ನು ಮತ್ತೆ ಇತ್ತ ತಿರುಗಿಸುವುದು ಕಷ್ಟ. ಒಂದೇ ಶ್ರುತಿಯ ಹಾಡುಗಳನ್ನು ಒಟ್ಟಿಗೆ ಇಟ್ಟುಕೊಂಡರೆ ಈ ತೊಂದರೆ ಅರ್ಧ ತಗ್ಗುತ್ತದೆ.

ಆದರೆ ಹೊಸ ತಂಡಗಳನ್ನು ನಿಜವಾಗಿ ಕೆಡಿಸುವುದು ಸದ್ದಿನ ಪೈಪೋಟಿ. ಸಣ್ಣ ಕೋಣೆಯಲ್ಲಿ ಡ್ರಮ್ಸ್‌ಗೆ ಮೈಕ್ ಬೇಕಾಗಿಯೇ ಇರುವುದಿಲ್ಲ. ಅದನ್ನು ಮೀರಿಸಲು ಗಿಟಾರ್‌ನವರು ತಮ್ಮ ಆಂಪ್ (ವಾದ್ಯದ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಏರಿಸುತ್ತಾರೆ, ಅದನ್ನು ಕೇಳಿ ಬೇಸ್ ಗಿಟಾರ್‌ನವರು ತಮ್ಮದನ್ನು ಏರಿಸುತ್ತಾರೆ, ಕೊನೆಗೆ ಗಾಯಕರು ತಮ್ಮ ದನಿ ತಮಗೇ ಕೇಳಿಸುತ್ತಿಲ್ಲವೆಂದು ಮಾನಿಟರ್ (ವೇದಿಕೆಯ ಮೇಲಿರುವವರಿಗೆ ತಮ್ಮ ದನಿ ಕೇಳಿಸುವ ಸ್ಪೀಕರ್) ಹೆಚ್ಚಿಸಲು ಹೇಳುತ್ತಾರೆ. ಮಾನಿಟರ್‌ನ ಸದ್ದನ್ನು ಮೈಕ್ ಹಿಡಿದು ಮತ್ತೆ ಮಾನಿಟರ್‌ಗೇ ಕಳುಹಿಸತೊಡಗಿದಾಗ ಕಿವಿ ಇರಿಯುವ ಫೀಡ್‌ಬ್ಯಾಕ್ ಹುಟ್ಟುತ್ತದೆ. ಹಾಡುಗಾರಿಕೆಯ ಮೈಕ್‌ಗಳಲ್ಲಿ ಹೆಚ್ಚಿನವು ಮುಂದಿನ ದನಿಯನ್ನು ಹಿಡಿದು ಹಿಂಬದಿಯದನ್ನು ಬಿಡುವಂಥವು. ಆದ್ದರಿಂದಲೇ ಮಾನಿಟರನ್ನು ಮೈಕ್‌ನ ಬೆನ್ನಿಗೆ ಎದುರಾಗಿ ಇಡುತ್ತೇವೆ. ಗಾಯಕರು ಮೈಕ್‌ನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಆ ಗುಣವೇ ಹೊರಟುಹೋಗುತ್ತದೆ. (ನೋಡಲು ಠೀವಿಯಾಗಿರುತ್ತದೆ, ಒಪ್ಪುತ್ತೇನೆ.) ಇದಕ್ಕೆ ಪರಿಹಾರವಿರುವುದು ಎಲ್ಲ ಮೈಕ್‌ಗಳ ಸದ್ದನ್ನು ಹೊಂದಿಸುವ ನಮ್ಮ ಮಿಕ್ಸರ್‌ನಲ್ಲಿ ಅಲ್ಲ, ಆಂಪ್‌ಗಳ ಸದ್ದು ತಗ್ಗಿಸುವುದರಲ್ಲಿ. ಕಿವಿಯ ಆರೋಗ್ಯಕ್ಕೂ ಇದು ಅಗತ್ಯ: 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆಯ ಮಿತಿ ಇಟ್ಟು, ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿಯನ್ನು ಅರ್ಧಕ್ಕಿಳಿಸುವ ಲೆಕ್ಕದ ಪ್ರಕಾರ, 100 ಡೆಸಿಬೆಲ್‌ನಲ್ಲಿ ಸಿಗುವುದು 15 ನಿಮಿಷ ಮಾತ್ರ.

ಇನ್ನು ಆಯೋಜಕರ ವಿಷಯ. ಹೊಸ ತಂಡ ಅವಕಾಶ ಕೇಳಿದೊಡನೆ ‘ನಿಮ್ಮ ಕಡೆಯಿಂದ ಎಷ್ಟು ಜನ ಬರುತ್ತಾರೆ?’ ಎಂದು ಕೇಳಿ, ಟಿಕೆಟ್ ಮಾರುವ ಹೊಣೆಯನ್ನೂ ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಗೆಳೆಯರು ಮೊದಲ ಸಲ ಬರುತ್ತಾರೆ, ಎರಡನೆಯ ಸಲವೂ ಬಂದಾರು. ಆಮೇಲೆ ಬೇಕಾಗುವುದು ಅಪರಿಚಿತ ಕೇಳುಗರು. ಹೆಸರು ಮಾಡಿದ ತಂಡದ ಕಾರ್ಯಕ್ರಮಕ್ಕೆ ಮೊದಲು ಹೊಸಬರಿಗೆ ಅರ್ಧ ಗಂಟೆ ಕೊಟ್ಟರೆ ಅಂಥವರು ತಾವಾಗಿಯೇ ಸಿಗುತ್ತಾರೆ. ಆದರೆ ಇಲ್ಲೂ ಒಂದು ತೊಡಕಿದೆ. ಸೌಂಡ್ ಚೆಕ್ (ಕಾರ್ಯಕ್ರಮಕ್ಕೆ ಮೊದಲು ನಡೆಸುವ ಧ್ವನಿ ಪರೀಕ್ಷೆ) ಸಾಮಾನ್ಯವಾಗಿ ಹಿಂದುಮುಂದಾಗಿ ನಡೆಯುತ್ತದೆ: ಕೊನೆಗೆ ನುಡಿಸುವ ಮುಖ್ಯ ತಂಡದ್ದು ಮೊದಲು, ಮೊದಲು ನುಡಿಸುವವರದ್ದು ಕೊನೆಗೆ. ಮುಖ್ಯ ತಂಡ ತಡವಾಗಿ ಬಂದರೆ ಹೊಸಬರ ಸರದಿಯೇ ಕತ್ತರಿಸಿಹೋಗಿ, ಅತಿ ಹೆಚ್ಚು ಪರೀಕ್ಷೆ ಬೇಕಾದವರು ಪರೀಕ್ಷೆಯೇ ಇಲ್ಲದೆ ವೇದಿಕೆ ಹತ್ತುತ್ತಾರೆ. ಏನೇ ತಡವಾದರೂ ಅವರಿಗೆಂದು ಇಪ್ಪತ್ತು ನಿಮಿಷವನ್ನು ಆಯೋಜಕರು ಕಾಯ್ದಿರಿಸಬೇಕು. ಒಂದಿಷ್ಟು ಸಂಭಾವನೆಯನ್ನೂ ಕೊಡಬೇಕು.

ತಮ್ಮ ಪತ್ರಿಕೆಗೂ ಒಂದು ವಿನಂತಿ. ಕಾರ್ಯಕ್ರಮಗಳ ಪಟ್ಟಿಯಲ್ಲಿ ಮುಖ್ಯ ತಂಡದ ಜೊತೆಗೆ ಮೊದಲು ನುಡಿಸುವ ತಂಡದ ಹೆಸರನ್ನೂ, ಅದು ಆರಂಭಿಸುವ ಸಮಯವನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ