ಸಂಗೀತ ಮೇಷ್ಟ್ರ ಫೋಟೊಗಳಿಗೆ ಹೆಸರು ಬರೆಸಿ: ಹಾಸನ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಮ್ಮ ಜಿಲ್ಲೆಯ ಒಂದು ಹಳೆಯ ಶಾಲೆಯ ಸ್ಟೋರ್ ರೂಮ್ ಖಾಲಿ ಮಾಡುವಾಗ ಒಂದು ಟ್ರಂಕು ತುಂಬ ಫೋಟೊಗಳು ಸಿಕ್ಕವು. ರದ್ದಿಗೆ ಹೋಗಬೇಕಿದ್ದದ್ದು. ಅಟೆಂಡರ್ ಒಬ್ಬರು ಪಕ್ಕಕ್ಕೆ ಎತ್ತಿಟ್ಟಿದ್ದರಿಂದ ಉಳಿದವು. ಹೆಚ್ಚಿನವು ಅಲ್ಲಿ ಸಂಗೀತ ಕಲಿಸುತ್ತಿದ್ದ ಮೇಷ್ಟ್ರವು. ಬೇಸಿಗೆ ರಜೆಯಲ್ಲಿ ಮಕ್ಕಳ ಕಲಾ ಶಿಬಿರ ನಡೆಸುತ್ತಿದ್ದವರೂ ಅವರೇ. ನಾನೂ ಅವರ ಹತ್ತಿರ ಕಲಿತವನು.

ಒಂದು ಫೋಟೊದಲ್ಲಿ ಮಕ್ಕಳು ಜಮಖಾನದ ಮೇಲೆ ಸಾಲಾಗಿ ಕೂತು ತೊಡೆ ತಟ್ಟಿ ತಾಳ ಹಾಕುತ್ತಿದ್ದಾರೆ. ಅರ್ಧ ಮಕ್ಕಳ ಕೈ ಮೇಲಿದೆ, ಅರ್ಧ ಮಕ್ಕಳದ್ದು ಕೆಳಗಿದೆ. ಎಂಟು ಎಣಿಕೆಯ ಆದಿತಾಳ ಇನ್ನೂ ಹತೋಟಿಗೆ ಬಂದಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಇನ್ನೊಂದರಲ್ಲಿ ಕರಿಹಲಗೆಯ ಮೇಲೆ ಸಂಗೀತದ ಮೊದಲ ಪಾಠವಾದ ಸರಳೆ ವರಸೆ, ಅದರ ತಲೆಯ ಮೇಲೆ ರಾಗದ ಹೆಸರು, ಮಾಯಾಮಾಳವಗೌಳ ಎಂದು ಬರೆದಿದೆ. ಮೇಷ್ಟ್ರ ಕೋಲು ಗಾಂಧಾರದ, ಅಂದರೆ 'ಗ' ಸ್ವರದ ಮೇಲೆ ನಿಂತಿದೆ. ಯಾರೋ ಅಲ್ಲೇ ತಪ್ಪುತ್ತಿದ್ದರೇನೋ. ಶಿಬಿರದ ಫೋಟೊಗಳಲ್ಲಿ ಕೋಲಾಟ ಇದೆ, ತಮಟೆ ಇದೆ, ಹಾರ್ಮೋನಿಯಂ ಇದೆ. ಊಟದ ಪಂಕ್ತಿಯಲ್ಲಿ ಅದೇ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಸಾರು ಬಡಿಸುತ್ತಿದ್ದಾರೆ. ಆದರೆ ಗ್ರೂಪ್ ಫೋಟೊಗಳಲ್ಲಿ ನೋಡಿ: ನಡುವೆ ಕುರ್ಚಿಯಲ್ಲಿ ಮುಖ್ಯ ಅತಿಥಿಗಳು, ಸಂಗೀತ ಮೇಷ್ಟ್ರು ಯಾವಾಗಲೂ ತುದಿಯಲ್ಲಿ. ಕೆಲವದರಲ್ಲಿ ಅರ್ಧ ಮುಖ ಕತ್ತರಿಸಿ ಹೋಗಿದೆ.

ಯಾವ ಫೋಟೊದ ಹಿಂದೆಯೂ ಹೆಸರಿಲ್ಲ, ವರ್ಷವಿಲ್ಲ.

ಸಂಗೀತ ಅಂದರೆ ನಾವು ಹಾಸನದವರು ರುದ್ರಪಟ್ಟಣದ ಹೆಸರು ಹೇಳಿ ಬೀಗುತ್ತೇವೆ. ಬೀಗಬೇಕಾದ್ದೇ. ಅರಕಲಗೂಡು ತಾಲ್ಲೂಕಿನ ಆ ಕಾವೇರಿ ದಡದ ಊರಿನಲ್ಲಿ 1920ರಲ್ಲಿ ಹುಟ್ಟಿದ ಗಾಯಕ ಆರ್.ಕೆ. ಶ್ರೀಕಂಠನ್ ಅವರಿಗೆ 2011ರಲ್ಲಿ ಪದ್ಮಭೂಷಣ ಬಂತು. ಅದೇ ಊರಿನ ಗಾಯಕ ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ಎದ್ದ ತಂಬೂರಿ ಆಕಾರದ ಮಂದಿರ ಅಲ್ಲಿದೆ. ಇಂಥ ವಿದ್ವಾಂಸರ ಫೋಟೊಗಳನ್ನು ಸಂಗೀತ ಸಭೆಗಳು, ಪತ್ರಿಕೆಗಳು ಜೋಪಾನ ಮಾಡುತ್ತವೆ. ಅವರ ಕಛೇರಿಯಲ್ಲಿ ತಲೆದೂಗಿದವರಿಗೆ ಸ ರಿ ಗ ಮ ಹೇಳಿಕೊಟ್ಟ ಶಾಲೆ ಮೇಷ್ಟ್ರನ್ನು ಯಾರು ಜೋಪಾನ ಮಾಡಬೇಕು?

ಬೇರೆ ಕಡೆ ಮಾಡಿದ್ದಾರೆ. ಅಮೆರಿಕದ ಮಿಷಿಗನ್ ರಾಜ್ಯದ ಇಂಟರ್‌ಲಾಕೆನ್‌ನಲ್ಲಿ ಜೋಸೆಫ್ ಮ್ಯಾಡಿ ಎಂಬ ಸಂಗೀತ ಶಿಕ್ಷಕರು 1928ರಲ್ಲಿ ಹೈಸ್ಕೂಲ್ ಮಕ್ಕಳ ಆರ್ಕೆಸ್ಟ್ರಾಗೆ ಬೇಸಿಗೆ ಶಿಬಿರ ಶುರು ಮಾಡಿದರು. 1962ರಲ್ಲಿ ಅಲ್ಲೇ ಕಲಾ ಶಾಲೆಯೂ ಆಯಿತು. ಆ ಸಂಸ್ಥೆ ತನ್ನದೇ ದಾಖಲೆ ಸಂಗ್ರಹ ಇಟ್ಟುಕೊಂಡಿದೆ. ಅವರ ಹತ್ತಿರ ದುಡ್ಡು ಜಾಸ್ತಿ, ಒಪ್ಪುತ್ತೇನೆ. ನಾನು ಕೇಳುತ್ತಿರುವುದಕ್ಕೆ ಅಷ್ಟು ದುಡ್ಡು ಬೇಡ.

ಸ್ಕ್ಯಾನ್ ಮಾಡಿಸಿಬಿಟ್ಟರೆ ಕೆಲಸ ಮುಗೀತು ಅಂತ ಹೇಳುವವರು ಸಿಗುತ್ತಾರೆ. ಸ್ಕ್ಯಾನ್ ಬೇಕು ನಿಜ, ಅದೂ ಮೊಬೈಲಿನಲ್ಲಿ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಲ್ಲ. ಸರಿಯಾದ ಸ್ಕ್ಯಾನರ್‌ನಲ್ಲಿ, 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕಿಯ ಸ್ಪಷ್ಟತೆಗೆ. ಆದರೆ ಕಪ್ಪು-ಬಿಳುಪು ಪ್ರಿಂಟು ಒಣಗಿದ, ತಂಪಾದ ಜಾಗದಲ್ಲಿದ್ದರೆ ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ಅದರಲ್ಲಿರುವವರನ್ನು ಗುರುತು ಹಿಡಿಯುವವರು ಅಷ್ಟು ವರ್ಷ ಇರುವುದಿಲ್ಲ. ಜಮಖಾನದ ಮೇಲೆ ಕೂತಿದ್ದ ಆ ಮಕ್ಕಳು ಈಗ ಅಜ್ಜ ಅಜ್ಜಿಯರು. ಅದಕ್ಕೇ ಮೊದಲು ಹೆಸರು ಬರೆಸಿ ಅನ್ನುತ್ತಿದ್ದೇನೆ.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಶಾಲೆ ಶಿಕ್ಷಣ ಇಲಾಖೆಯದ್ದು, ಸಂಗೀತ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದ್ದು, ಮ್ಯೂಸಿಯಂ ಪುರಾತತ್ವ ಇಲಾಖೆಯದ್ದು. ಟ್ರಂಕು ಮಾತ್ರ ಯಾರದ್ದೂ ಅಲ್ಲ. ಈ ಮೂವರನ್ನೂ ಒಂದೇ ಮೇಜಿನ ಮುಂದೆ ಕೂರಿಸುವುದು ನಿಮ್ಮಿಂದ ಮಾತ್ರ ಆಗುತ್ತದೆ.

ಮಹಾರಾಜ ಪಾರ್ಕಿನ ಮ್ಯೂಸಿಯಂನಲ್ಲಿ ಒಂದು ಕೋಣೆ ಕೊಡಿಸಿ. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಎಲ್ಲೆಲ್ಲೋ ಇರುವ ಹಳೆಯ ವಿದ್ಯಾರ್ಥಿಗಳು ಊರಿಗೆ ಬರುತ್ತಾರೆ. ಆ ದಿನಗಳಲ್ಲಿ ಫೋಟೊಗಳ ಪ್ರತಿ ಮೇಜಿನ ಮೇಲೆ ಹರಡಿಡಿ. ದರ್ಶನ ಮುಗಿಸಿ ಬಂದವರು, ಎಡದಿಂದ ಮೂರನೆಯವಳು ನಮ್ಮಕ್ಕ, ಆ ವೀಣೆ ಇಂಥವರ ಮನೆಯದ್ದು ಅಂತ ಹೇಳುತ್ತಾರೆ. ಬರೆದುಕೊಳ್ಳಲು ಕಾಲೇಜು ಹುಡುಗರು ಸಾಕು. ಮೂಲ ಫೋಟೊದ ಹಿಂದೆ ಬಾಲ್ ಪೆನ್ನಿನಲ್ಲಿ ಬರೆಯಬಾರದು, ಅಚ್ಚು ಮುಂದಕ್ಕೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು.

ದಯವಿಟ್ಟು ಯಾವುದನ್ನೂ ಲ್ಯಾಮಿನೇಷನ್ ಮಾಡಿಸಲು ಬಿಡಬೇಡಿ. ನಮ್ಮಲ್ಲಿ ಅದೊಂದು ಚಟ. ಬಿಸಿಗೆ, ಅಂಟಿಗೆ ಸಿಕ್ಕಿದ ಫೋಟೊವನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಸಕಲೇಶಪುರ, ಆಲೂರು ಕಡೆಯ ಶಾಲೆಗಳಲ್ಲಿ ಮಳೆಗಾಲದ ತೇವಕ್ಕೆ ಬೂಸಲು ಬೇರೆ ಹಿಡಿಯುತ್ತದೆ. ನೆಗೆಟಿವ್ ಡಬ್ಬಿಯಿಂದ ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೆಡಲು ಶುರುವಾಗಿದೆ ಅಂತ ಅರ್ಥ. ಅಂಥದ್ದನ್ನು ಬೇರೆ ಇಟ್ಟು ಮೊದಲು ಸ್ಕ್ಯಾನ್ ಮಾಡಬೇಕು. ಇನ್ನೊಂದು ಮಾತು, ಫೋಟೊಗಳನ್ನು ಸುಮ್ನೆ ಫೇಸ್‌ಬುಕ್‌ಗೆ ಹಾಕುವುದು ಬೇಡ. ಅದರಲ್ಲಿರುವವರನ್ನು ಒಂದು ಮಾತು ಕೇಳಬೇಕು ಅಲ್ವಾ?

ಎಲ್ಲಕ್ಕಿಂತ ಮೊದಲು ಎಂಟೂ ತಾಲ್ಲೂಕಿನ ಮುಖ್ಯೋಪಾಧ್ಯಾಯರಿಗೆ ಒಂದು ಸುತ್ತೋಲೆ ಹೋಗಲಿ. ಹಳೆಯ ಸಾಮಾನು ವಿಲೇವಾರಿ ಮಾಡುವ ಮುನ್ನ ಫೋಟೊ, ಆಲ್ಬಂ, ನೆಗೆಟಿವ್‌ಗಳನ್ನು ತೆಗೆದಿಡಿ ಎಂದು ಒಂದು ಸಾಲು ಇದ್ದರೆ ಸಾಕು. ಮುಂದಿನ ಶಾಲೆಯಲ್ಲೂ ಅಂಥ ಅಟೆಂಡರ್ ಇರುತ್ತಾರೆ ಎಂದು ನಂಬಿ ಕೂರುವ ಹಾಗಿಲ್ಲ. ನಮ್ಮ ಟ್ರಂಕನ್ನು ನೀವು ಹೇಳಿದ ದಿನ ಕಚೇರಿಗೆ ತರುತ್ತೇವೆ. ರಸೀದಿ ಮಾತ್ರ ಕೊಡಿ.

ಇಂತಿ ವಂದನೆಗಳೊಂದಿಗೆ,
ಒಬ್ಬ ಹಳೆಯ ವಿದ್ಯಾರ್ಥಿ, ಹಾಸನ